ಅಕ್ಕತಂಗಿಯರ ಬಳಗಕ್ಕೆ ಪ್ರವೇಶಧನ ಎಷ್ಟು?

(ಸಂಘದ ಸಂಸ್ಥಾಪನಾ ದಿನಾಚರಣೆಯ ಮಹಿಳಾ ಗೋಷ್ಠಿಯಲ್ಲಿ, ಮಹಿಳಾ ವಿಭಾಗದ ಪರವಾಗಿ ಓದಿದ ಭಾಷಣ)



ಸಂಘದ ಹುಟ್ಟುಹಬ್ಬದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತನಾಡಲು ಅವಕಾಶ ಕೊಟ್ಟ ಕಾರ್ಯಕಾರಿ ಸಮಿತಿಗೆ ನಮ್ಮ ವಂದನೆಗಳು. 'ನಮ್ಮ' ಎಂದದ್ದು ದೊಡ್ಡಸ್ತಿಕೆಯ ಬಹುವಚನವೆಂದು ತಾವು ಭಾವಿಸಬಾರದು. ಅಬುಧಾಬಿಯ ಇಬ್ಬರು, ದುಬೈಯ ಮೂವರು, ಹೀಗೆ ಐವರು ತಾಯಂದಿರು ಮೂರು ಶನಿವಾರ ಒಂದೊಂದು ಮನೆಯಲ್ಲಿ ಕುಳಿತು, ಚಹಾ ಕುಡಿಯುತ್ತ, ಆಗಾಗ ಸಣ್ಣಗೆ ಜಗಳವನ್ನೂ ಆಡುತ್ತ ಬರೆದ ಮಾತುಗಳಿವು. ಓದುವ ಬಾಯಿ ಒಂದಾದರೂ ಹೊಣೆ ಐವರದು. ತಪ್ಪಿದ್ದರೆ ಐವರನ್ನೂ ಬಯ್ಯಿರಿ.

ಹಬ್ಬದ ದಿನ ಹಣಕಾಸಿನ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. 'ಟೈಮ್ ಇಲ್ಲ' ಎಂಬ ಎರಡು ಪದಗಳು ನಮ್ಮನ್ನು ಈ ವಿಷಯಕ್ಕೆ ತಂದು ನಿಲ್ಲಿಸಿದವು. ಮೊದಲ ಸಲ ಅದನ್ನು ಹೇಳಿದವಳು ನಮ್ಮಲ್ಲೊಬ್ಬರ ಮಗಳು. ಎರಡನೆಯ ಸಲ ಹೇಳಿದವರು ನಮ್ಮ ಸಂಘಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಮೊದಲು ಮಗಳ ಕಥೆ.

2021ರ ಆಗಸ್ಟ್ ತಿಂಗಳು. ಅಬುಧಾಬಿಯ ಶಾಲೆಯಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹುಡುಗಿ ಅಮೆರಿಕದ ಒಂದು ದೊಡ್ಡ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದಳು. ಇನ್ನೂ ತರಗತಿಗಳು ಆರಂಭವಾಗಿರಲಿಲ್ಲ. ಒಂದು ರಾತ್ರಿ ಫೋನ್ ಮಾಡಿ, "ಅಮ್ಮಾ, ಇಲ್ಲಿ ಸೊರಾರಿಟಿ ಅಂತ ಇದೆ. ನನ್ನ ರೂಮಿನ ಹುಡುಗಿ ಹೋಗ್ತಿದಾಳೆ, ನಾನೂ ಹೆಸರು ಕೊಟ್ಟಿದೀನಿ" ಎಂದಳು. ಅವಳ ದನಿಯಲ್ಲಿ ಹೊಸ ಲಂಗ ಹೊಲಿಸಿಕೊಂಡ ಮಗುವಿನ ಸಂಭ್ರಮವಿತ್ತು. ನಾಲ್ಕನೆಯ ದಿನ ತಾಯಿಯೇ ಫೋನ್ ಮಾಡಿ ಏನಾಯಿತೆಂದು ಕೇಳಿದರೆ, "ಬಿಡಮ್ಮಾ, ಟೈಮ್ ಇಲ್ಲ" ಎಂದು ಮಾತು ಬದಲಿಸಿದಳು. ಓದಿನ ಕಡೆ ಗಮನವಿದೆಯಲ್ಲ ಎಂದು ತಾಯಿ ಸಂತೋಷಪಟ್ಟರು.

ನಿಜವಾದ ಕಾರಣ ತಿಳಿದದ್ದು ಮರುವರ್ಷ ಅವಳು ರಜೆಗೆ ಬಂದಾಗ. ಅದನ್ನು ಹೇಳುವ ಮೊದಲು ಈ ಸೊರಾರಿಟಿ ಎಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಮ್ಮ ಈ ನಾಡಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕ್ಲಬ್ಬುಗಳಿವೆಯೇ ಹೊರತು ಈ ಸಂಪ್ರದಾಯವಿಲ್ಲ. ಶಾರ್ಜಾದಲ್ಲೋ, ದುಬೈಯ ಅಕಾಡೆಮಿಕ್ ಸಿಟಿಯಲ್ಲೋ ಮಕ್ಕಳನ್ನು ಓದಿಸಿದವರಿಗೆ ಇದರ ಪರಿಚಯವಾಗಿರಲಿಕ್ಕಿಲ್ಲ.

ಲ್ಯಾಟಿನ್ ಭಾಷೆಯಲ್ಲಿ 'ಸೊರೋರ್' ಎಂದರೆ ಸೋದರಿ. ಅಲ್ಲಿಂದ ಬಂದ ಪದ ಸೊರಾರಿಟಿ. ವಿಶ್ವವಿದ್ಯಾಲಯದಲ್ಲಿ ಓದುವ ಹೆಣ್ಣುಮಕ್ಕಳು ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ಕಟ್ಟಿಕೊಳ್ಳುವ ಅಕ್ಕತಂಗಿಯರ ಬಳಗ ಅದು. ಗಂಡುಮಕ್ಕಳ ಕೂಟಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ, ಕಾಲೇಜಿನಲ್ಲಿ ಬೆರಳೆಣಿಕೆಯಷ್ಟಿದ್ದ ಹುಡುಗಿಯರು ಒಬ್ಬರಿಗೊಬ್ಬರು ಆಸರೆಯಾಗಲೆಂದು ಹುಟ್ಟಿದ ಸಂಸ್ಥೆಗಳಿವು. 1870ರಲ್ಲಿ ಕಪ್ಪಾ ಆಲ್ಫಾ ಥೀಟಾ, 1874ರಲ್ಲಿ ಸಿರಕ್ಯೂಸ್‌ನಲ್ಲಿ ಗಾಮಾ ಫೈ ಬೀಟಾ, ಹೀಗೆ ಒಂದೊಂದಾಗಿ ಬಂದವು. 1902ರಲ್ಲಿ ಇವುಗಳದೇ ಒಂದು ಒಕ್ಕೂಟವಾಯಿತು. ಇಂದು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿವೆ. ಒಂದೊಂದಕ್ಕೂ ಊರೂರಿನ ವಿಶ್ವವಿದ್ಯಾಲಯಗಳಲ್ಲಿ ಶಾಖೆಗಳು. ಸದಸ್ಯತ್ವ ಓದು ಮುಗಿದ ಮೇಲೂ ಉಳಿಯುತ್ತದೆ. ಕೆಲಸ ಹುಡುಕುವಾಗ, ಹೊಸ ಊರಿಗೆ ಹೋದಾಗ 'ನಾನೂ ಆ ಬಳಗದವಳೇ' ಎಂದರೆ ಒಂದು ಬಾಗಿಲು ತೆರೆಯುತ್ತದೆ. ನಾವು ಊರಿನ ಹೆಸರು ಹೇಳಿ ಪರಿಚಯ ಹಿಡಿಯುವುದಿಲ್ಲವೇ, ಹಾಗೆಯೇ.

ಹೊಸ ಸದಸ್ಯರನ್ನು ಆರಿಸುವ ವಿಧಾನ ಸ್ವಾರಸ್ಯಕರವಾಗಿದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಪಾಠ ಆರಂಭವಾಗುವ ಹೊತ್ತಿಗೆ ಒಂದು ವಾರ ಪೂರ್ತಿ ಇದೇ ಗದ್ದಲ. ಹುಡುಗಿಯರು ಚೆನ್ನಾಗಿ ಉಡುಗೆ ತೊಟ್ಟು ಬಿಸಿಲಿನಲ್ಲಿ ಮನೆಯಿಂದ ಮನೆಗೆ ಹೋಗುತ್ತಾರೆ. ಒಳಗೆ ಅಕ್ಕಂದಿರು ಮಾತನಾಡಿಸಿ ನೋಡುತ್ತಾರೆ. ಸುತ್ತಿನಿಂದ ಸುತ್ತಿಗೆ ಪಟ್ಟಿ ಕಿರಿದಾಗುತ್ತದೆ. ಕೊನೆಗೆ ಹುಡುಗಿಯೂ ತನಗೆ ಬೇಕಾದ ಬಳಗಗಳನ್ನು ಕ್ರಮವಾಗಿ ಬರೆದುಕೊಡುತ್ತಾಳೆ, ಬಳಗಗಳೂ ತಮಗೆ ಬೇಕಾದವರನ್ನು ಬರೆದುಕೊಡುತ್ತವೆ; ಎರಡನ್ನೂ ತಾಳೆ ನೋಡಿ ಆಹ್ವಾನ ಪತ್ರ ಕೊಡುತ್ತಾರೆ. ನಮ್ಮಲ್ಲಿ ಕೇಳಿದವರೊಬ್ಬರು, "ಅಯ್ಯೋ, ಇದು ನಮ್ಮ ಹೆಣ್ಣು ನೋಡುವ ಶಾಸ್ತ್ರವೇ ಆಯಿತಲ್ಲ, ಉಪ್ಪಿಟ್ಟು ಕೇಸರಿಬಾತು ಒಂದಿಲ್ಲ ಅಷ್ಟೆ!" ಎಂದರು. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತುಕತೆಯ ಕೊನೆಗೆ ಬರುವ ವಿಷಯವೇ ಇಲ್ಲಿಯೂ ಬರುತ್ತದೆ. ಅದು ಕೊಡುವ ತೆಗೆದುಕೊಳ್ಳುವ ವಿಷಯ.

ಹೆಸರು ನೋಂದಾಯಿಸುವುದಕ್ಕೇ ಒಂದು ಶುಲ್ಕ. ಆಯ್ಕೆಯಾದರೆ ಹೊಸ ಸದಸ್ಯೆಯ ಶುಲ್ಕ, ಕೇಂದ್ರ ಸಂಸ್ಥೆಗೆ ಚಂದಾ, ವಿಮೆ, ಮನೆಯ ಪಾಲು, ಊಟದ ಖರ್ಚು, ಸಮಾರಂಭಗಳ ಖರ್ಚು, ಅಂಗಿ ಲಾಂಛನಗಳ ಖರ್ಚು. ದೊಡ್ಡ ಮನೆಗಳಿರುವ ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರಿಗೆ ಇದೆಲ್ಲ ಸೇರಿ ಸಾವಿರಾರು ಡಾಲರ್ ಆಗುವುದುಂಟು. ಸಭೆಗಳಿಗೆ ತಪ್ಪಿಸಿಕೊಂಡರೆ ದಂಡ ಹಾಕುವ ಶಾಖೆಗಳೂ ಇವೆ.

ಇಷ್ಟೊಂದು ದುಡ್ಡು ಏಕೆ ಬೇಕು? ಅವರೇನು ದುರಾಸೆಯವರಲ್ಲ. ಬಹುಪಾಲು ಖರ್ಚು ಮನೆಯದು. ಕಂಬಗಳ ಸಾಲಿನ ದೊಡ್ಡ ಮನೆ ಕಟ್ಟಿದ ಮೇಲೆ ಅದರ ಸಾಲದ ಕಂತು, ಅಡುಗೆಯವರ ಸಂಬಳ, ದುರಸ್ತಿ ಇವು ಸದಸ್ಯರು ಹೆಚ್ಚಾದರೂ ಕಡಿಮೆಯಾದರೂ ನಿಲ್ಲುವುದಿಲ್ಲ. ನೂರು ಜನ ಹಂಚಿಕೊಳ್ಳುತ್ತಿದ್ದ ಖರ್ಚನ್ನು ಎಂಬತ್ತೇ ಜನ ಹೊರಬೇಕಾದರೆ ಒಬ್ಬೊಬ್ಬರ ಪಾಲು ಕಾಲುಭಾಗ ಹೆಚ್ಚುತ್ತದೆ. ಹೆಚ್ಚಿದ ಪಾಲನ್ನು ನೋಡಿ ಮತ್ತಷ್ಟು ಜನ ಹಿಂದೆ ಸರಿಯುತ್ತಾರೆ. ಉಳಿದವರ ಪಾಲು ಇನ್ನೂ ಏರುತ್ತದೆ. ಆದುದರಿಂದಲೇ ಎಷ್ಟೋ ಬಳಗಗಳು ಸದಸ್ಯೆಯಾದವಳು ಒಂದು ವರ್ಷವಾದರೂ ಬಳಗದ ಮನೆಯಲ್ಲೇ ವಾಸವಿರಬೇಕೆಂದು ನಿಯಮ ಮಾಡುತ್ತವೆ. ವಿಶ್ವವಿದ್ಯಾಲಯದ ಒಕ್ಕೂಟವು ಒಂದೊಂದು ಬಳಗ ಎಷ್ಟು ಜನರನ್ನು ತೆಗೆದುಕೊಳ್ಳಬಹುದೆಂದು ಕೋಟಾ ಗೊತ್ತುಮಾಡುವುದರ ಹಿಂದೆಯೂ, ಪ್ರಬಲ ಬಳಗಗಳೇ ಎಲ್ಲರನ್ನೂ ಬಾಚಿಕೊಂಡು ದುರ್ಬಲ ಬಳಗಗಳು ಮುಳುಗದಿರಲೆಂಬ ಲೆಕ್ಕಾಚಾರವಿದೆ. 1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ಎಷ್ಟೋ ಶಾಖೆಗಳು ಈ ಸುಳಿಯಲ್ಲೇ ಸಿಕ್ಕಿ ಬಾಗಿಲು ಮುಚ್ಚಿದವು.

ಆದರೆ 2008ರ ಕುಸಿತದ ನಂತರ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬೇರೆಯದೇ ಬೆಳವಣಿಗೆಯಾಯಿತು. ಅನೇಕ ರಾಜ್ಯ ಸರ್ಕಾರಗಳು ತಮ್ಮ ವಿಶ್ವವಿದ್ಯಾಲಯಗಳಿಗೆ ಕೊಡುತ್ತಿದ್ದ ಅನುದಾನವನ್ನು ಕಡಿತಗೊಳಿಸಿದವು. ಕೊರತೆ ತುಂಬಲು ವಿಶ್ವವಿದ್ಯಾಲಯಗಳು ಹೆಚ್ಚು ಶುಲ್ಕ ಕೊಡುವ ಹೊರರಾಜ್ಯದ, ಹೊರದೇಶದ ವಿದ್ಯಾರ್ಥಿಗಳನ್ನು ಕರೆಯತೊಡಗಿದವು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಈಗ ಅರ್ಧಕ್ಕೂ ಹೆಚ್ಚು ವಿದ್ಯಾರ್ಥಿಗಳು ಆ ರಾಜ್ಯದ ಹೊರಗಿನವರು. ಹೀಗೆ ದೂರದಿಂದ ಬರುವ, ಕೈಯಲ್ಲಿ ಹಣವಿರುವ ಮನೆಗಳ ಹುಡುಗಿಯರಿಗೆ ಹೊಸ ಊರಿನಲ್ಲಿ ಒಂದು ಬಳಗ ಬೇಕು. 2021ರಲ್ಲಿ ಅಲ್ಲಿನ ಆಯ್ಕೆಯ ವಾರದ ಚಿತ್ರಗಳನ್ನು ಹುಡುಗಿಯರು ತಾವೇ ತೆಗೆದು ಹರಿಯಬಿಟ್ಟಾಗ ಜಗತ್ತೇ ನೋಡಿತು. ಇಂದು ತೊಟ್ಟ ಬಟ್ಟೆ ಯಾವ ಅಂಗಡಿಯದು, ಬಳೆ ಎಲ್ಲಿಯದು, ಪಾದರಕ್ಷೆ ಎಲ್ಲಿಯದು ಎಂಬ ವಿವರಣೆಯೇ ಅದರಲ್ಲಿ ಹೆಚ್ಚು. ಎರಡು ಸಾವಿರಕ್ಕೂ ಮಿಕ್ಕಿ ಹುಡುಗಿಯರು ಭಾಗವಹಿಸುವ ಆಯ್ಕೆ ಅದು. ಅಂದರೆ ಆರ್ಥಿಕ ಒತ್ತಡ ಬಂದಾಗ ಬಳಗಗಳು ಎಲ್ಲೆಡೆ ಸೊರಗಿದವೆಂದಲ್ಲ. ಕೆಲವೆಡೆ ಇನ್ನಷ್ಟು ಕೊಬ್ಬಿದವು. ಸೊರಗಿದ್ದು ಬಾಗಿಲು ತಟ್ಟುವ ಬಡ ಹುಡುಗಿಯರ ಸಂಖ್ಯೆ.

ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಲಾರಾ ಹ್ಯಾಮಿಲ್ಟನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞೆಯರು ಇಂತಹದೊಂದು ದೊಡ್ಡ ವಿಶ್ವವಿದ್ಯಾಲಯದ ಹಾಸ್ಟೆಲಿನ ಒಂದೇ ಮಹಡಿಯ ಹುಡುಗಿಯರ ಜೊತೆಗೆ ಇದ್ದು, ವರ್ಷಗಟ್ಟಲೆ ಅವರ ಬದುಕನ್ನು ಹಿಂಬಾಲಿಸಿ 2013ರಲ್ಲಿ 'ಪೇಯಿಂಗ್ ಫಾರ್ ದ ಪಾರ್ಟಿ' ಎಂಬ ಪುಸ್ತಕ ಬರೆದರು. ವಿಶ್ವವಿದ್ಯಾಲಯದ ಸಾಮಾಜಿಕ ಜೀವನವೆಲ್ಲ ಸಿರಿವಂತರ ಮನೆಯ ಹುಡುಗಿಯರಿಗೆ ಒಪ್ಪುವಂತೆ ರೂಪುಗೊಂಡಾಗ, ಉಳಿದವರು ಒಂದೋ ಅವರ ಹಿಂದೆ ಓಡಿ ಸೋಲುತ್ತಾರೆ, ಇಲ್ಲವೇ ಒಂಟಿಯಾಗುತ್ತಾರೆ. ಅಲ್ಲಿಂದ ಬಿಟ್ಟು ಚಿಕ್ಕ ವಿಶ್ವವಿದ್ಯಾಲಯಗಳಿಗೆ ಹೋದ ಸಾಮಾನ್ಯ ಮನೆಯ ಹುಡುಗಿಯರೇ ಮುಂದೆ ಚೆನ್ನಾಗಿ ದಡ ಸೇರಿದರು ಎಂಬುದು ಆ ಪುಸ್ತಕದ ತಿರುಳು.

ಈಗ ನಮ್ಮ ಹುಡುಗಿಯ ಕಥೆಗೆ ಮರಳೋಣ. ಇಲ್ಲಿರುವ ನಾವು ಅಮೆರಿಕದ ಖರ್ಚನ್ನು ಲೆಕ್ಕ ಹಾಕುವಾಗ ಒಂದು ಭ್ರಮೆಗೆ ಒಳಗಾಗುತ್ತೇವೆ. 1997ರಿಂದ ದಿರ್ಹಮ್ಮಿನ ಬೆಲೆ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಿದಂತೆ ನಿಂತಿದೆ. ಬೆಂಗಳೂರಿನಲ್ಲಿರುವ ನಮ್ಮ ತಮ್ಮನಿಗೆ ರೂಪಾಯಿ ಕುಸಿದಾಗಲೆಲ್ಲ ಮಗಳ ಫೀಸು ಏರುತ್ತದೆ, ನಮಗೆ ಹಾಗಾಗುವುದಿಲ್ಲ. 'ನಾವು ನಿಭಾಯಿಸಬಲ್ಲೆವು' ಎಂಬ ಧೈರ್ಯ ಬರುವುದು ಹೀಗೆ. ಆದರೆ ಡಾಲರು ನಿಂತಲ್ಲೇ ನಿಂತಿದ್ದರೂ ನಮ್ಮ ಸಂಬಳ ನಿಂತಲ್ಲೇ ನಿಲ್ಲುತ್ತದೆಂಬ ಭರವಸೆ ಯಾರಿಗಿದೆ? 2008ರ ಕೊನೆಯಲ್ಲಿ ದುಬೈಯಲ್ಲಿ ಏನಾಯಿತೆಂದು ಕಟ್ಟಡ ಕಂಪನಿಗಳಲ್ಲಿದ್ದ ನಮ್ಮವರಿಗೆ ಗೊತ್ತು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಹೊರಟ ಮೊದಲ ವಂದೇ ಭಾರತ್ ವಿಮಾನದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಹೋದವರೂ ಇದ್ದರು. ಅವರನ್ನು ಕಳುಹಿಸಿಕೊಡಲು ನಮ್ಮ ಸಂಘಗಳು ಹಗಲಿರುಳು ದುಡಿದದ್ದು ತಮಗೆ ನೆನಪಿರಬಹುದು.

ಆ ಹುಡುಗಿಯ ತಂದೆಗೆ ಕೆಲಸ ಉಳಿಯಿತು, ಸಂಬಳ ಕಡಿತವಾಯಿತು. ಮಗಳ ಉತ್ಸಾಹಕ್ಕೆ ಭಂಗ ಬಾರದಿರಲೆಂದು ತಂದೆತಾಯಿ ಅದನ್ನು ಮುಚ್ಚಿಟ್ಟರು. ಆದರೆ ಮಕ್ಕಳ ಕಣ್ಣಿಗೆ ಮಣ್ಣೆರಚಲು ಸಾಧ್ಯವೇ? ಎರಡು ಕಾರಿದ್ದ ಮನೆಯಲ್ಲಿ ಒಂದು ಹೋದದ್ದನ್ನು ಅವಳು ನೋಡಿದ್ದಳು. ಅಮ್ಮನ ಕೈಯ ನಾಲ್ಕು ಬಳೆ ಎರಡಾದದ್ದನ್ನೂ ನೋಡಿದ್ದಳು. ಅಮೆರಿಕದ ಸರ್ಕಾರ ತನ್ನ ಪ್ರಜೆಗಳಿಗೆ ಕೊಡುವ ವಿದ್ಯಾರ್ಥಿ ಸಹಾಯಧನ ಅವಳಿಗೆ ದೊರೆಯುವಂತಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ ಕೆಲಸ ಮಾಡಬಹುದು. ಮೂರನೆಯ ದಿನ ಒಂದು ಬಳಗದವರು ಖರ್ಚುವೆಚ್ಚದ ಪಟ್ಟಿ ಕೊಟ್ಟರು. ಎರಡನೆಯ ವರ್ಷ ಬಳಗದ ಮನೆಯಲ್ಲಿ ವಾಸ ಕಡ್ಡಾಯ ಎಂದು ಅದರಲ್ಲಿತ್ತು. ಅವಳು ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು, ತನ್ನ ಹೆಸರನ್ನು ತಾನೇ ಹಿಂದಕ್ಕೆ ಪಡೆದಳು. ನಂತರ ಗ್ರಂಥಾಲಯದ ಕೌಂಟರಿನಲ್ಲಿ ಸಂಜೆಯ ಕೆಲಸ ಹಿಡಿದಳು.

"ನಿನ್ನನ್ನು ಅವರು ಬೇಡ ಅಂದರಾ?" ಎಂದು ತಾಯಿ ಕೇಳಿದರು. "ಇಲ್ಲಮ್ಮಾ, ಅವರು ತುಂಬ ಒಳ್ಳೆಯವರು. ಮೂರು ಕಡೆ ಮತ್ತೆ ಕರೆದಿದ್ದರು. ನಾನೇ ಹೋಗಲಿಲ್ಲ" ಎಂದಳು.

ಬಂಧುಗಳೇ, ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಈ ಉತ್ತರದಲ್ಲೇ ಇದೆ. ಬಾಗಿಲಲ್ಲಿ ಬೆಲೆಚೀಟಿ ಇದ್ದರೆ ಬಡವರನ್ನು ಹೊರಗೆ ಹಾಕಲು ಯಾರೂ ಬೇಕಾಗಿಲ್ಲ. ಅವರೇ ಚೀಟಿಯನ್ನು ಓದಿಕೊಂಡು, ಗೌರವದಿಂದ, ಸದ್ದಿಲ್ಲದೆ ಹಿಂದಿರುಗುತ್ತಾರೆ. ತಿರಸ್ಕೃತರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಒಳಗಿರುವವರಿಗೆ ತಾವು ಯಾರನ್ನೂ ನಿರಾಕರಿಸಿಲ್ಲವೆಂಬ ಸಮಾಧಾನ. ಹಿಂದಿರುಗಿದವರು ಹೇಳುವುದು 'ಟೈಮ್ ಇಲ್ಲ' ಎಂದೇ ಹೊರತು 'ದುಡ್ಡಿಲ್ಲ' ಎಂದಲ್ಲ.

ಹಾಗಾದರೆ ದಾರಿಯಿಲ್ಲವೇ? ಇದೆ. ಬಾಗಿಲು ಮುಚ್ಚಿದಲ್ಲಿ ಬೇರೆ ಬಾಗಿಲು ಮಾಡಿಕೊಂಡವರ ಇತಿಹಾಸ ಅಲ್ಲಿಯೇ ಇದೆ. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಕಪ್ಪು ವರ್ಣದ ಹೆಣ್ಣುಮಕ್ಕಳು ಆಲ್ಫಾ ಕಪ್ಪಾ ಆಲ್ಫಾ ಎಂಬ ತಮ್ಮದೇ ಬಳಗ ಕಟ್ಟಿದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅದರ ಸದಸ್ಯೆ. 1998ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಉಪಖಂಡದ ಮೂಲದ ಹುಡುಗಿಯರು ಕಪ್ಪಾ ಫೈ ಗಾಮಾ ಆರಂಭಿಸಿದರು. ಅದೇ ವರ್ಷವೇ ಅಮೆರಿಕದ ಕನ್ನಡ ಕೂಟಗಳ ಆಗರವಾದ 'ಅಕ್ಕ' ಸ್ಥಾಪನೆಯಾದದ್ದು ಒಂದು ಸೊಗಸಾದ ಕಾಕತಾಳೀಯ. ಕಂಬಗಳ ಮನೆ ಕಟ್ಟಿಕೊಳ್ಳದ ಇಂತಹ ಚಿಕ್ಕ ಬಳಗಗಳಿಗೆ ಮನೆಯ ಸಾಲವಿಲ್ಲ. ಆದ್ದರಿಂದ ಚಂದಾದ ಹೊರೆಯೂ ಹಗುರ. ನಮ್ಮ ಹುಡುಗಿಯೂ ಕಡೆಗೆ ಭಾರತೀಯ ವಿದ್ಯಾರ್ಥಿಗಳ ಒಂದು ಸಣ್ಣ ಕೂಟ ಸೇರಿ, ದೀಪಾವಳಿಗೆ ನೂರು ಜನಕ್ಕೆ ಚಿತ್ರಾನ್ನ ಕಲಸಿದ್ದಾಳೆ.

ಹಳೆಯ ಬಳಗಗಳಲ್ಲಿಯೂ ಬದಲಾವಣೆ ಇಲ್ಲವೆಂದಲ್ಲ. ಅಮ್ಮನೋ ಅಕ್ಕನೋ ಸದಸ್ಯೆಯಾಗಿದ್ದರೆ ಮಗಳಿಗೆ ತಂಗಿಗೆ ಸಿಗುತ್ತಿದ್ದ ಆದ್ಯತೆಯನ್ನು 2020ರಿಂದೀಚೆಗೆ ಹಲವು ಸಂಸ್ಥೆಗಳು ಕೈಬಿಟ್ಟಿವೆ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಿಸಿಕೊಳ್ಳುವವರಿದ್ದಾರೆ, ಸದಸ್ಯೆಯರಿಗೇ ವಿದ್ಯಾರ್ಥಿವೇತನ ಕೊಡುವವರಿದ್ದಾರೆ.

ಇನ್ನು ನಮ್ಮ ನಾಡಿನ ಅನುಭವ. ನಮ್ಮ ತಾತಂದಿರ ಕಾಲದಲ್ಲಿ ಬಡ ಹುಡುಗ ಪೇಟೆಗೆ ಓದಲು ಹೋದರೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ವಾರಾನ್ನಕ್ಕೂ ಜಾತಿಯ ಗೆರೆಯಿತ್ತು ಎಂಬುದನ್ನು ಮರೆಯುವಂತಿಲ್ಲ. ತುಮಕೂರಿನ ಸಿದ್ಧಗಂಗೆ ಮುಂತಾದ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರಗಳನ್ನು ಉಚಿತವಾಗಿ ನೀಡಿದವು. ಆ ಹಾಸ್ಟೆಲುಗಳಲ್ಲಿ ಬೆಳೆದ ಸ್ನೇಹ ಜೀವನಪರ್ಯಂತ ಬಾಳಿತು. ಆದರೆ ಆ ಬಾಗಿಲುಗಳೆಲ್ಲ ಹೆಚ್ಚಾಗಿ ಗಂಡುಮಕ್ಕಳಿಗೆ. ಹೆಣ್ಣುಮಗಳನ್ನು ವಾರಾನ್ನಕ್ಕೆ ಕಳುಹಿಸುವವರುಂಟೆ? ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಶಾಲೆ ಬಂತು, ಮಂಗಳೂರಿನಲ್ಲಿ 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಬಂತು. ಶಾಲೆ ಇದ್ದೂ ಅದರ ಹತ್ತಿರ ಇರಲು ಜಾಗವಿಲ್ಲದೆ, ಮನೆಯಲ್ಲಿ ಮಗನ ಫೀಸು ಕಟ್ಟಿದ ಮೇಲೆ ಏನೂ ಉಳಿಯದೆ, ಓದು ಬಿಟ್ಟ ಹುಡುಗಿಯರು ಎಷ್ಟು ಜನ! ಹಾವನೂರು ಆಯೋಗದ ವರದಿ ಬಂದ 1975ರ ಆಸುಪಾಸು, ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲುಗಳು ಬೆಳೆದವು. ನಮ್ಮ ಐವರಲ್ಲಿ ಒಬ್ಬರು ಮುಂದೆ ಅಂತಹ ಹಾಸ್ಟೆಲಿನಲ್ಲೇ ಓದಿದವರು. "ಅಲ್ಲಿ ನಮಗೆ ತಲೆಗೆ ಎಣ್ಣೆ ಹಚ್ಚಿದ ಅಕ್ಕಂದಿರು ಇಂದಿಗೂ ನಮ್ಮ ಅಕ್ಕಂದಿರೇ. ಆ ಅಕ್ಕತನಕ್ಕೆ ಯಾರೂ ರಸೀದಿ ಹರಿದಿರಲಿಲ್ಲ" ಎಂದು ಅವರು ಹೇಳುವಾಗ ಗಂಟಲು ಕಟ್ಟುತ್ತದೆ.

ಬಸ್ಸಿನ ಟಿಕೆಟೂ ಒಂದು ಪ್ರವೇಶಧನವೇ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಅದರ ಬಗ್ಗೆ ಪರ ವಿರೋಧ ಚರ್ಚೆಗಳೇನೇ ಇರಲಿ, ಟಿಕೆಟಿನ ದುಡ್ಡಿಲ್ಲದೆ ಕಾಲೇಜು ತಪ್ಪಿಸಿದ ಹುಡುಗಿಯ ಕಷ್ಟ ಗೊತ್ತಿದ್ದವರಿಗೆ ಅದರ ಅರ್ಥ ಬೇಗ ತಿಳಿಯುತ್ತದೆ.

ಇಷ್ಟು ದೂರ ಅಮೆರಿಕ, ಕರ್ನಾಟಕ ಎಂದು ಸುತ್ತಿ ಬಂದೆವು. ಈಗ ಮನೆಯೊಳಗೆ ಬರೋಣ. ಎರಡನೆಯ 'ಟೈಮ್ ಇಲ್ಲ' ಯಾರದೆಂದು ಹೇಳಬೇಕಲ್ಲ.

ನಮ್ಮ ಮಹಿಳಾ ವಿಭಾಗಕ್ಕೆ ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಬರುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಬೆಡ್‌ಸ್ಪೇಸಿನಲ್ಲಿ ವಾಸ, ಊರಿನಲ್ಲಿ ಅಪ್ಪ ಅಮ್ಮ ಮತ್ತು ಓದುವ ತಮ್ಮ. ಒಳ್ಳೆಯ ಕಂಠ. ರಾಜ್ಯೋತ್ಸವದ ನಾಡಗೀತೆಗೆ ಅವರ ದನಿ ಸೇರಿದರೆ ಉಳಿದವರ ಅಪಸ್ವರ ಮುಚ್ಚಿಹೋಗುತ್ತಿತ್ತು. ಒಂದು ವರ್ಷ ಅವರು ಬರುವುದನ್ನು ನಿಲ್ಲಿಸಿದರು. ಫೋನ್ ಮಾಡಿದರೆ, "ಟೈಮ್ ಆಗ್ತಿಲ್ಲ ಅಕ್ಕಾ, ಡ್ಯೂಟಿ ಜಾಸ್ತಿ" ಎಂದರು. 'ಪಾಪ, ಡ್ಯೂಟಿ' ಎಂದು ನಾವೂ ಬಿಟ್ಟೆವು.

ಮಗಳ ಕಥೆ ಕೇಳಿದ ಮೇಲೆ ನಾವು ಐವರು ಕುಳಿತು ಆ ವರ್ಷದ ಲೆಕ್ಕ ಹಾಕಿದೆವು. ಸಂಘದ ಸದಸ್ಯತ್ವ ಶುಲ್ಕ ಹೆಚ್ಚೇನಲ್ಲ. ಆದರೆ ಯುಗಾದಿಗೆ ಎಲ್ಲರೂ ಒಂದೇ ಬಣ್ಣದ ಸೀರೆ. ವರಮಹಾಲಕ್ಷ್ಮಿಗೆ ಇನ್ನೊಂದು ಬಣ್ಣ. ರಾಜ್ಯೋತ್ಸವಕ್ಕೆ ಹಳದಿ ಕೆಂಪು. ನೃತ್ಯಕ್ಕೆ ಬಾಡಿಗೆಯ ಆಭರಣ, ಅಲಂಕಾರದವರಿಗೆ ತಲಾ ಪಾಲು. ಪಾಟ್‌ಲಕ್ಕಿಗೆ ಒಬ್ಬೊಬ್ಬರು ಒಂದು ದೊಡ್ಡ ಪಾತ್ರೆ; ಬೆಡ್‌ಸ್ಪೇಸಿನಲ್ಲಿರುವವರಿಗೆ ಅಡುಗೆಮನೆಯೇ ಇನ್ನೊಬ್ಬರದು. ಮಕ್ಕಳ ಹುಟ್ಟುಹಬ್ಬಗಳಿಗೆ ಉಡುಗೊರೆ. ಅಭ್ಯಾಸ ಮುಗಿಯುವಾಗ ರಾತ್ರಿ ಹನ್ನೊಂದು, ಆಗ ಟ್ಯಾಕ್ಸಿಯೇ ಗತಿ. ಸಮಾರಂಭ ದುಬೈಯಲ್ಲಾದರೆ ಅಬುಧಾಬಿಯಿಂದ ಸುಮಾರು 140 ಕಿಲೋಮೀಟರು. ಇವುಗಳಲ್ಲಿ ಒಂದನ್ನೂ ನಾವು ಕಡ್ಡಾಯವೆಂದು ಹೇಳಿರಲಿಲ್ಲ. ಆದರೆ ಇಪ್ಪತ್ತು ಜನ ಒಂದೇ ಬಣ್ಣದ ಸೀರೆಯುಟ್ಟು ಫೋಟೋಕ್ಕೆ ನಿಂತಾಗ ಬೇರೆ ಬಣ್ಣದವಳು ಎಲ್ಲಿ ನಿಲ್ಲಬೇಕು?

ಅಲಬಾಮಾದ ಹುಡುಗಿಯರ ಚಿತ್ರ ನೋಡಿ ನಕ್ಕವರು ನಾವು. ನಮ್ಮ ಕಂಬಗಳ ಮನೆ ನಮಗೆ ಕಾಣಲಿಲ್ಲ.

ಈ ವಿಷಯವನ್ನು ಸಮಿತಿಯ ಮುಂದಿಟ್ಟಾಗ ನಮ್ಮ ಖಜಾಂಚಿಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಹಾಲಿನ ಬಾಡಿಗೆ, ಧ್ವನಿವರ್ಧಕ, ಊಟ, ಇವುಗಳಿಗೆ ದುಡ್ಡು ಮರದಲ್ಲಿ ಬಿಡುತ್ತದೆಯೇ? ಸದಸ್ಯರು ಕಡಿಮೆಯಾದರೆ ಉಳಿದವರ ಮೇಲೆ ಭಾರ ಬೀಳುವುದಿಲ್ಲವೇ?" ಬೀಳುತ್ತದೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಕಾರಣಕ್ಕೆ ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಲೆಕ್ಕದ ದೃಷ್ಟಿಯಿಂದಲೂ ಜಾಣತನ. ಕಡಿಮೆ ಕೊಡುವ ಹತ್ತು ಜನ ಉಳಿದರೆ ಹಾಲಿನ ಬಾಡಿಗೆಗೂ ಹಗುರ, ಸಂಘಕ್ಕೂ ಜೀವ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಯಾವಾಗಲೂ ಬಡವರಿಗೇ ಹೇಳುತ್ತೇವೆ. ಸಂಘಗಳೂ ತಮ್ಮೊಳಗೆ ಅತಿ ಚಿಕ್ಕ ಹಾಸಿಗೆ ಯಾರದೆಂದು ನೋಡಿ ಕಾಲು ಚಾಚಬೇಡವೇ?

ಆದುದರಿಂದ ಮಹಿಳಾ ವಿಭಾಗದ ಪರವಾಗಿ ಕೆಲವು ಸಲಹೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ. ವರ್ಷದ ಆರಂಭದಲ್ಲೇ ಇಡೀ ವರ್ಷದ ಖರ್ಚು ಎಷ್ಟಾಗಬಹುದೆಂದು, ಸೀರೆ ಟ್ಯಾಕ್ಸಿಗಳನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡೋಣ. ಸಮವಸ್ತ್ರದ ಸೀರೆಯನ್ನು ಕೈಬಿಟ್ಟು, ಮನೆಯಲ್ಲಿ ಇರುವ ಸೀರೆಗೆ ಒಂದೇ ಬಗೆಯ ಹೂವು ಮುಡಿಯೋಣ. ವಿದ್ಯಾರ್ಥಿನಿಯರಿಗೆ, ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳಿಗೆ ಕಡಿಮೆ ಶುಲ್ಕವಿರಲಿ. ಕಂತಿನಲ್ಲಿ ಕೊಡುವ ಅನುಕೂಲವಿರಲಿ. ಯಾರು ಎಷ್ಟು ಕೊಟ್ಟರೆಂಬುದು ಖಜಾಂಚಿಯೊಬ್ಬರಿಗೆ ಬಿಟ್ಟು ಇನ್ನಾರಿಗೂ ತಿಳಿಯದಿರಲಿ. ಕಾರಿರುವವರು ಅಭ್ಯಾಸದ ದಿನ ಕಾರಿಲ್ಲದವರನ್ನು ಮನೆ ಮುಟ್ಟಿಸುವ ಪಾಳಿ ಹಾಕಿಕೊಳ್ಳಲಿ. ಮತ್ತು ಯಾರಾದರೂ 'ಟೈಮ್ ಇಲ್ಲ' ಎಂದರೆ ಫೋನಿನಲ್ಲೇ ಸರಿ ಎನ್ನದೆ, ಒಮ್ಮೆ ಅವರ ಬಳಿ ಹೋಗಿ ಬರೋಣ.

ಹೊರದೇಶಕ್ಕೆ ಮಗಳನ್ನು ಓದಲು ಕಳುಹಿಸುವ ತಂದೆತಾಯಿಯರಲ್ಲಿ ಒಂದು ವಿನಂತಿ. ಕಾಲೇಜಿನ ಶುಲ್ಕದ ಜೊತೆಗೆ ಅಲ್ಲಿನ ಬಳಗಗಳ ಖರ್ಚನ್ನೂ ಮೊದಲೇ ಕೇಳಿ ತಿಳಿಯಿರಿ. ವಾಸ ಕಡ್ಡಾಯವೇ, ದಂಡವಿದೆಯೇ, ಕಂತಿದೆಯೇ, ವಿದ್ಯಾರ್ಥಿವೇತನವಿದೆಯೇ ಎಂಬ ನಾಲ್ಕು ಪ್ರಶ್ನೆ ಸಾಕು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯ ನಿಜವಾದ ಲೆಕ್ಕವನ್ನು ಮಗಳ ಮುಂದೆ ಬಿಚ್ಚಿಡಿ. ನಾವು ಸಂಬಳ ಕಡಿತವನ್ನು ಅವಳಿಂದ ಮುಚ್ಚಿಟ್ಟೆವು. ಅವಳು ತನ್ನ ಆಸೆಯನ್ನು ನಮ್ಮಿಂದ ಮುಚ್ಚಿಟ್ಟಳು. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಕುಳಿತು ಮಾತನಾಡಿದ್ದರೆ, ಸೇರಲು ಆಗುತ್ತಿತ್ತೋ ಇಲ್ಲವೋ, ಆ ಹಾಳೆಯನ್ನು ಅವಳೊಬ್ಬಳೇ ಮಡಚಿ ಚೀಲದಲ್ಲಿಡಬೇಕಾಗಿರಲಿಲ್ಲ.

ಕಡೆಯದಾಗಿ, ಆ ನರ್ಸ್ ಅಕ್ಕನ ಮನೆಗೆ ನಾವು ಹೋದೆವೇ ಎಂದು ತಾವು ಕೇಳಬಹುದು. ಹೋದೆವು. ತಡವಾಗಿ ಹೋದೆವು. ಅವರು ಚಹಾ ಕೊಟ್ಟರು, ಊರಿನ ಸುದ್ದಿ ಮಾತನಾಡಿದರು, ದುಡ್ಡಿನ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಡುವಾಗ, ಈ ಸಲ ಸೀರೆಯ ಬಣ್ಣ ಯಾವುದಾದರೂ ಆಗಬಹುದು ಎಂದಷ್ಟೇ ಹೇಳಿ ಬಂದೆವು. ಇಂದು ಅವರು ಈ ಸಭೆಯಲ್ಲಿದ್ದಾರೆಯೇ ಇಲ್ಲವೇ ಎಂಬುದನ್ನು ನಾವು ಹೇಳುವುದಿಲ್ಲ. ತಾವೂ ದಯವಿಟ್ಟು ಹಿಂದಿರುಗಿ ಹುಡುಕಬೇಡಿ. ಆದರೆ ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲ ಎದ್ದುನಿಂತು ನಾಡಗೀತೆ ಹಾಡುವಾಗ ಪಕ್ಕದಲ್ಲಿರುವ ಹೆಣ್ಣುಮಗಳ ದನಿಗೆ ಕಿವಿಗೊಡಿ. ಅವಳು ಮುಂದಿನ ವರ್ಷವೂ ನಮ್ಮ ಪಕ್ಕದಲ್ಲೇ ನಿಂತು ಹಾಡುವಂತೆ ನೋಡಿಕೊಳ್ಳುವುದೇ ಸಂಘ ಕಟ್ಟಿದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ.



ಸಿರಿಗನ್ನಡಂ ಗೆಲ್ಗೆ.